ಒಂದೇ ಜೀವಕೋಶವನ್ನು ಬಿಡದೆ ನೋಡುವುದು: ಓದುಗರ ಪ್ರಶ್ನೆಗಳಿಗೆ ಉತ್ತರ

ಜೀವಂತ ಏಕಕೋಶ ಜೀವಿಗಳನ್ನು ಸೂಕ್ಷ್ಮದರ್ಶಕದ ಕೆಳಗೆ ದಿನಗಟ್ಟಲೆ ಗಮನಿಸಲು ನೆರವಾಗುವ ಮೈಕ್ರೋಫ್ಲೂಯಿಡಿಕ್ ಚಿಪ್‌ಗಳ ಕುರಿತು ಕಲಬುರಗಿ, ಬೀದರ್ ಮತ್ತು ಯಾದಗಿರಿ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಕೆಲವನ್ನು ಆಯ್ದು ಇಲ್ಲಿ ಉತ್ತರಿಸಲಾಗಿದೆ. ಕೆಲವೇ ಮೈಕ್ರೊಮೀಟರ್ ಅಗಲದ ಕಾಲುವೆಗಳನ್ನು ಪಾರದರ್ಶಕ ಸಿಲಿಕೋನ್ ರಬ್ಬರಿನಲ್ಲಿ ಮೂಡಿಸಿ, ಆ ರಬ್ಬರನ್ನು ತೆಳುಗಾಜಿಗೆ ಅಂಟಿಸಿ, ಕಾಲುವೆಗಳಲ್ಲಿ ಪೋಷಕ ದ್ರವವನ್ನು ಹರಿಸುವ ಪುಟ್ಟ ಸಾಧನವನ್ನೇ ಇಲ್ಲಿ ಚಿಪ್ ಎಂದು ಕರೆದಿದ್ದೇವೆ. ಒಂದು ಮೈಕ್ರೊಮೀಟರ್ ಎಂದರೆ ಮಿಲಿಮೀಟರಿನ ಸಾವಿರ ಪಾಲುಗಳಲ್ಲಿ ಒಂದು ಪಾಲು.

ಪ್ರಶ್ನೆ: ಸ್ಲೈಡಿನ ಮೇಲೆ ಒಂದು ಹನಿ ಹಾಕಿ ಕವರ್ ಗ್ಲಾಸ್ ಮುಚ್ಚಿದರೆ ಬ್ಯಾಕ್ಟೀರಿಯಾ ಚೆನ್ನಾಗಿಯೇ ಕಾಣುತ್ತದೆ. ಅದಕ್ಕೆಂದು ಇಷ್ಟೊಂದು ಸೂಕ್ಷ್ಮವಾದ ಸಾಧನ ಏಕೆ ಬೇಕು? — ಸೂಕ್ಷ್ಮಜೀವಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿನಿ, ಕಲಬುರಗಿ

ಕಾಣುವುದಕ್ಕೆ ಸ್ಲೈಡು ಸಾಕು. ಆದರೆ ಒಮ್ಮೆ ಕಂಡ ಕೋಶವನ್ನೇ ಮರುದಿನವೂ ಗುರುತಿಸಿ ನೋಡಬೇಕೆಂದರೆ ಸ್ಲೈಡು ಸಾಲದು. ಕವರ್ ಗ್ಲಾಸಿನ ಅಂಚಿನಿಂದ ನೀರು ಆರುತ್ತದೆ, ಒಳಗಿನ ಆಮ್ಲಜನಕವೂ ಆಹಾರವೂ ಮುಗಿಯುತ್ತವೆ, ಕೋಶಗಳು ಹೊರಹಾಕಿದ ತ್ಯಾಜ್ಯ ಅಲ್ಲಿಯೇ ಉಳಿಯುತ್ತದೆ. ಹೀಗಾಗಿ ಸ್ವಲ್ಪ ಹೊತ್ತಿನ ನಂತರ ನಾವು ನೋಡುತ್ತಿರುವುದು ಬೆಳೆಯುತ್ತಿರುವ ಕೋಶವನ್ನಲ್ಲ, ಹಸಿದು ಬಳಲಿರುವ ಕೋಶವನ್ನು. ಅಗರೋಸ್ ಎಂಬ ಜೆಲ್ಲಿಯಂತಹ ವಸ್ತುವಿನ ಹಾಸಿನ ಮೇಲೆ ಕೋಶಗಳನ್ನು ಇಡುವ ವಿಧಾನ ಇದಕ್ಕಿಂತ ಉತ್ತಮವೆಂಬುದು ನಿಜವಾದರೂ ಅಲ್ಲಿ ಬೇರೊಂದು ತೊಡಕಿದೆ: ಸಮೃದ್ಧ ಆಹಾರದಲ್ಲಿ 20 ನಿಮಿಷಕ್ಕೊಮ್ಮೆ ವಿಭಜಿಸುವ ಈ. ಕೋಲೈ ಬ್ಯಾಕ್ಟೀರಿಯಾದ ಒಂದೇ ಕೋಶ ಮೂರು ಗಂಟೆಗಳಲ್ಲಿ 512 ಕೋಶಗಳಾಗಿ, ಒಂದರ ಮೇಲೊಂದು ಏರಿ, ಮೊದಲಿನ ಕೋಶ ಯಾವುದೆಂದು ಹೇಳಲಾಗದ ಸ್ಥಿತಿ ಬರುತ್ತದೆ.

ಕೋಶವನ್ನು ಹೀಗೆ ಕಳೆದುಕೊಳ್ಳುವುದರಿಂದ ವಿಜ್ಞಾನಕ್ಕೆ ಆಗುವ ನಷ್ಟ ಎಷ್ಟೆಂಬುದಕ್ಕೆ ಒಂದು ನಿದರ್ಶನ ಕೊಡುತ್ತೇನೆ. ಕೋಲಿನ ಆಕಾರದ ಬ್ಯಾಕ್ಟೀರಿಯಾ ನಡುವೆ ಸೀಳಿದಾಗ ಪ್ರತಿ ಮರಿಕೋಶಕ್ಕೂ ಒಂದು ಹೊಸ ತುದಿ ಮತ್ತು ಒಂದು ಹಳೆಯ ತುದಿ ಇರುತ್ತವೆ. ತಲೆಮಾರಿನಿಂದ ತಲೆಮಾರಿಗೆ ಹಳೆಯ ತುದಿಯನ್ನೇ ಪಡೆಯುತ್ತ ಬಂದ ಕೋಶಕ್ಕೆ ಮುಪ್ಪು ಬರುತ್ತದೆಯೇ ಎಂಬ ಪ್ರಶ್ನೆಗೆ, 2005ರಲ್ಲಿ ಅಗರೋಸ್ ಹಾಸಿನ ಮೇಲೆ ಕೆಲವೇ ತಲೆಮಾರುಗಳನ್ನು ಅನುಸರಿಸಿದ ಅಧ್ಯಯನವೊಂದು, ಅಂತಹ ಕೋಶಗಳು ನಿಧಾನವಾಗಿ ಬೆಳೆಯುತ್ತವೆ ಎಂಬ ಉತ್ತರ ಕೊಟ್ಟಿತು. 2010ರಲ್ಲಿ ಸಕ್‌ಜೂನ್ ಜುನ್ ಮತ್ತು ಸಂಗಡಿಗರು ಒಂದು ಚಿಪ್ ರೂಪಿಸಿದರು. ಅಗಲವಾದ ಒಂದು ಮುಖ್ಯ ಕಾಲುವೆ, ಅದಕ್ಕೆ ಲಂಬವಾಗಿ ಸಾಲುಸಾಲಾದ ಕುರುಡು ಓಣಿಗಳು. ಪ್ರತಿ ಓಣಿಯ ಅಗಲ ಸುಮಾರು ಒಂದು ಮೈಕ್ರೊಮೀಟರ್, ಎಂದರೆ ಒಂದು ಬ್ಯಾಕ್ಟೀರಿಯಾ ಹಿಡಿಸುವಷ್ಟು ಮಾತ್ರ. ಓಣಿಯ ಮುಚ್ಚಿದ ತುದಿಯಲ್ಲಿ ಕುಳಿತ ತಾಯಿಕೋಶ ಅಲ್ಲಿಯೇ ಉಳಿಯುತ್ತದೆ, ಅದಕ್ಕೆ ಹುಟ್ಟಿದ ಕೋಶಗಳು ಒಂದನ್ನೊಂದು ನೂಕುತ್ತ ಓಣಿಯ ಬಾಯಿಗೆ ಬಂದು ಮುಖ್ಯ ಕಾಲುವೆಯ ಹರಿವಿನಲ್ಲಿ ತೊಳೆದುಹೋಗುತ್ತವೆ. ಹೀಗೆ ಜಾಗದ ಅಭಾವ ನೀಗಿದ್ದರಿಂದ, ಹಳೆಯ ತುದಿಯನ್ನು ಉಳಿಸಿಕೊಂಡ ತಾಯಿಕೋಶವನ್ನು ನೂರಾರು ತಲೆಮಾರುಗಳವರೆಗೆ ನೋಡಲು ಸಾಧ್ಯವಾಯಿತು. ನಿರಂತರವಾಗಿ ಆಹಾರ ದೊರೆತ ಆ ಸ್ಥಿತಿಯಲ್ಲಿ ಬೆಳವಣಿಗೆಯ ವೇಗ ಕುಗ್ಗಲಿಲ್ಲ. ಮದರ್ ಮೆಷಿನ್ ಎಂದೇ ಹೆಸರಾದ ಈ ವಿನ್ಯಾಸ ಈಗ ಜಗತ್ತಿನ ಅನೇಕ ಪ್ರಯೋಗಾಲಯಗಳಲ್ಲಿದೆ.

ಫ್ಲಾಸ್ಕಿನಲ್ಲಿ ಬೆಳೆದ ಕೋಟ್ಯಂತರ ಕೋಶಗಳ ಮಬ್ಬನ್ನು ಅಳೆದಾಗ ನಿಮಗೆ ಸಿಗುವುದು ಸರಾಸರಿ. ಒಂದು ಪ್ರೋಟೀನಿನ ಪ್ರಮಾಣ ಅರ್ಧಕ್ಕೆ ಇಳಿಯಿತೆಂದು ಆ ಸರಾಸರಿ ಹೇಳಿದರೆ, ಪ್ರತಿಯೊಂದು ಕೋಶದಲ್ಲೂ ಅರ್ಧವಾಯಿತೋ ಅಥವಾ ಅರ್ಧದಷ್ಟು ಕೋಶಗಳಲ್ಲಿ ಪೂರ್ತಿ ನಿಂತುಹೋಯಿತೋ ಎಂಬುದು ಅದರಿಂದ ತಿಳಿಯದು. ಬ್ಯಾಕ್ಟೀರಿಯಾ ತನ್ನ ಗಾತ್ರವನ್ನು ಹೇಗೆ ಕಾಯ್ದುಕೊಳ್ಳುತ್ತದೆ ಎಂಬ ಹಳೆಯ ಪ್ರಶ್ನೆಗೂ ಬೆಳಕು ಬಿದ್ದದ್ದು ಕೋಶಗಳನ್ನು ಒಂದೊಂದಾಗಿ ಅಳೆದಾಗಲೇ: ಹುಟ್ಟಿನಲ್ಲಿ ಚಿಕ್ಕದಿರಲಿ ದೊಡ್ಡದಿರಲಿ, ಪ್ರತಿ ಕೋಶವೂ ಮುಂದಿನ ವಿಭಜನೆಯೊಳಗೆ ಹೆಚ್ಚುಕಡಿಮೆ ಒಂದೇ ಅಳತೆಯಷ್ಟು ಉದ್ದವನ್ನು ಕೂಡಿಸಿಕೊಳ್ಳುತ್ತದೆ ಎಂದು 2014 ಮತ್ತು 2015ರ ಅಧ್ಯಯನಗಳು ತೋರಿಸಿದವು. ಸಾಧನ ಚಿಕ್ಕದೆಂಬುದು ಇಲ್ಲಿ ಮುಖ್ಯವಲ್ಲ. ಒಂದೇ ಕೋಶದ ಕಾಲಕ್ರಮ ನಮ್ಮ ಕೈಗೆ ಸಿಗುತ್ತದೆ ಎಂಬುದೇ ಮುಖ್ಯ, ಮತ್ತು ನಿಮ್ಮ ಪ್ರಬಂಧದ ವಿಷಯವನ್ನು ಆರಿಸುವಾಗ ಈ ಭೇದವನ್ನು ಗಮನದಲ್ಲಿಡಬೇಕೆಂದು ಕೋರುತ್ತೇನೆ.

ಪ್ರಶ್ನೆ: ನಮ್ಮ ನೌಬಾದಿನ ಕಾರೇಜ್‌ನಲ್ಲಿ, ಅಂದರೆ ಸುರಂಗ ಬಾವಿಯಲ್ಲಿ, ನೀರು ನೆಲದಡಿಯ ಇಳಿಜಾರಿನಲ್ಲಿ ತಾನಾಗಿ ಹರಿಯುತ್ತದೆ. ಚಿಪ್‌ನ ಕಾಲುವೆಯಲ್ಲೂ ಹಾಗೆಯೇ ಹರಿಯುವುದೇ? ಕೋಶಗಳು ಕೊಚ್ಚಿಹೋಗುವುದಿಲ್ಲವೇ? — ನಿವೃತ್ತ ಶಿಕ್ಷಕರು, ಬೀದರ್

ಹರಿಸುವ ಬಲ ಎರಡೂ ಕಡೆ ಒಂದೇ ಆಗಿರಬಹುದು. ಪೋಷಕ ದ್ರವದ ಕುಪ್ಪಿಯನ್ನು ಚಿಪ್‌ಗಿಂತ 10 ಸೆಂಟಿಮೀಟರ್ ಎತ್ತರದಲ್ಲಿ ಇಟ್ಟರೆ ಸುಮಾರು ಒಂದು ಕಿಲೋಪಾಸ್ಕಲ್ ಒತ್ತಡ ದೊರೆಯುತ್ತದೆ. ಅನೇಕ ಪ್ರಯೋಗಗಳಿಗೆ ಅಷ್ಟೇ ಸಾಕು, ಪಂಪು ಬೇಕಿಲ್ಲ. ಆದರೆ ಹರಿವಿನ ಸ್ವಭಾವ ಮಾತ್ರ ಪೂರ್ತಿ ಬೇರೆ. ಕಾರೇಜ್‌ನ ನೀರಿಗೆ ತನ್ನದೇ ಓಟದ ರಭಸವಿದೆ, ಅದು ಸುಳಿಗಟ್ಟುತ್ತದೆ, ಅಲ್ಲಿ ಹಾಕಿದ ಬಣ್ಣ ಬೇಗ ಕಲಸಿಹೋಗುತ್ತದೆ. ನೂರು ಮೈಕ್ರೊಮೀಟರ್ ಅಗಲದ ಕಾಲುವೆಯಲ್ಲಿ ಸೆಕೆಂಡಿಗೆ ಒಂದು ಮಿಲಿಮೀಟರ್ ಚಲಿಸುವ ನೀರಿನ ರೆನಾಲ್ಡ್ಸ್ ಸಂಖ್ಯೆ ಸುಮಾರು 0.1, ಅಂದರೆ ಅಲ್ಲಿ ರಭಸಕ್ಕಿಂತ ಸ್ನಿಗ್ಧತೆಯದೇ ಮೇಲುಗೈ. ಅಂತಹ ಕಡೆ ಸುಳಿಗಳು ಏಳುವುದಿಲ್ಲ, ಪಕ್ಕಪಕ್ಕದಲ್ಲಿ ಹರಿಯುವ ಎರಡು ದ್ರವಗಳು ಅಣುಗಳ ವಿಸರಣೆಯಿಂದ ಮಾತ್ರ ನಿಧಾನವಾಗಿ ಬೆರೆಯುತ್ತವೆ. ಆದ್ದರಿಂದ ಒಂದು ಬದಿಯಲ್ಲಿ ಸಕ್ಕರೆಯ ದ್ರವ, ಇನ್ನೊಂದು ಬದಿಯಲ್ಲಿ ಸಕ್ಕರೆಯಿಲ್ಲದ ದ್ರವ ಹರಿಸಿ, ನಡುವಿನ ಏರಿಳಿತಕ್ಕೆ ಕೋಶಗಳು ಹೇಗೆ ಪ್ರತಿಕ್ರಿಯಿಸುತ್ತವೆ ಎಂದು ನೋಡಬಹುದು.

ಕೊಚ್ಚಿಹೋಗುವ ಆತಂಕಕ್ಕೆ ಉತ್ತರ ಮೇಲೆ ಹೇಳಿದ ಕುರುಡು ಓಣಿಗಳಲ್ಲಿಯೇ ಇದೆ. ಓಣಿಯೊಳಗೆ ಹರಿವೇ ಇಲ್ಲ. ಆಹಾರ ಅಲ್ಲಿಗೆ ಹೋಗುವುದು ವಿಸರಣೆಯಿಂದ, ಮತ್ತು ವಿಸರಣೆಗೆ ಬೇಕಾದ ಕಾಲ ದೂರದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ಗ್ಲೂಕೋಸ್ ಅಣು 25 ಮೈಕ್ರೊಮೀಟರ್ ಸಾಗಲು ಸುಮಾರು ಅರ್ಧ ಸೆಕೆಂಡು ಸಾಕು; ಅದೇ ಒಂದು ಸೆಂಟಿಮೀಟರ್ ಸಾಗಲು ಹೆಚ್ಚುಕಡಿಮೆ ಒಂದು ದಿನ ಬೇಕು. 25 ಮೈಕ್ರೊಮೀಟರಿನಷ್ಟು ಗಿಡ್ಡ ಓಣಿಯಲ್ಲಿ ಇದ್ದುದರಿಂದಲೇ ಕೋಶಕ್ಕೆ ಹರಿವಿನ ಪೆಟ್ಟೂ ಇಲ್ಲ, ಹಸಿವೂ ಇಲ್ಲ.

ಪ್ರಶ್ನೆ: ಪ್ಯಾರಾಮೀಸಿಯಂ, ಕ್ಲಾಮಿಡೊಮೊನಾಸ್ ಮುಂತಾದವು ಈಜುತ್ತಲೇ ಇರುತ್ತವೆ. ಅವನ್ನು ಸಾಯಿಸದೆ ಹಿಡಿದಿಡುವುದು ಹೇಗೆ? — ಪದವಿ ವಿದ್ಯಾರ್ಥಿ, ಯಾದಗಿರಿ

ಹಿಡಿಯುವ ಕ್ರಮ ಜೀವಿಯ ಗಾತ್ರಕ್ಕೆ ತಕ್ಕಂತೆ ಬದಲಾಗುತ್ತದೆ. ಏಕಕೋಶದ ಹಸಿರು ಪಾಚಿಯಾದ ಕ್ಲಾಮಿಡೊಮೊನಾಸ್ ಸುಮಾರು 10 ಮೈಕ್ರೊಮೀಟರ್ ಗಾತ್ರದ್ದು, ಸೆಕೆಂಡಿಗೆ ತನ್ನ ದೇಹದ ಹತ್ತರಷ್ಟು ದೂರ ಈಜಬಲ್ಲದು. ಅದರ ದೇಹಕ್ಕಿಂತ ತುಸು ಮಾತ್ರ ಎತ್ತರದ ಕೋಣೆಯಲ್ಲಿ ಇಟ್ಟರೆ ಅದು ಈಜಿದರೂ ಫೋಕಸ್ ತಪ್ಪುವುದಿಲ್ಲ. ಪ್ಯಾರಾಮೀಸಿಯಂ ನೂರರಿಂದ ಮುನ್ನೂರು ಮೈಕ್ರೊಮೀಟರ್ ಉದ್ದವಿದ್ದು, ಅದನ್ನು ಅಲುಗಾಡದಂತೆ ನಿಲ್ಲಿಸಬೇಕಾದರೆ ಮೇಲಿನ ರಬ್ಬರಿನ ಪದರವನ್ನು ಗಾಳಿಯ ಒತ್ತಡದಿಂದ ಮೆಲ್ಲಗೆ ಕೆಳಗಿಳಿಸಿ ಒತ್ತಿಹಿಡಿಯುವ ವಿನ್ಯಾಸಗಳಿವೆ. ಹೀಗೆ ಬಾಗುವ ರಬ್ಬರ್ ಪದರವನ್ನೇ ಕವಾಟವಾಗಿ ಬಳಸುವ ಕ್ರಮವನ್ನು ಸ್ಟೀಫನ್ ಕ್ವೇಕ್ ಅವರ ತಂಡ 2000ರಲ್ಲಿ ಪ್ರಕಟಿಸಿತ್ತು. ಒತ್ತಡ ಬಿಟ್ಟ ಮೇಲೆ ಜೀವಿ ಮತ್ತೆ ಸಹಜವಾಗಿ ಈಜಿದರೆ ಮಾತ್ರ ಆ ಚಿತ್ರಗಳನ್ನು ನಂಬಬೇಕು.

ಯೀಸ್ಟ್ ಈಜುವುದಿಲ್ಲ, ಆದರೆ ಅದರ ಕಥೆಯೂ ಇಲ್ಲಿ ಪ್ರಸ್ತುತ. ಒಂದು ಯೀಸ್ಟ್ ತಾಯಿಕೋಶ ತನ್ನ ಬಾಳಿನಲ್ಲಿ ಸುಮಾರು 25 ಬಾರಿ ಮೊಗ್ಗೊಡೆದು ಆಮೇಲೆ ನಿಲ್ಲುತ್ತದೆ ಎಂಬುದನ್ನು ಮಾರ್ಟಿಮರ್ ಮತ್ತು ಜಾನ್‌ಸ್ಟನ್ 1959ರಲ್ಲಿ ತೋರಿಸಿದರು. ಅಂದಿನಿಂದ ದಶಕಗಳ ಕಾಲ ಸಂಶೋಧಕರು ಸೂಕ್ಷ್ಮದರ್ಶಕದಡಿ ಸೂಜಿಯಿಂದ ಪ್ರತಿ ಮರಿಕೋಶವನ್ನೂ ಕೈಯಾರೆ ಬಿಡಿಸಿ ಎಣಿಸಿದರು. ರಾತ್ರಿ ವಿಶ್ರಾಂತಿ ಬೇಕಾದಾಗ ತಟ್ಟೆಯನ್ನು ತಂಪುಪೆಟ್ಟಿಗೆಯಲ್ಲಿ ಇಟ್ಟು ಕೋಶದ ಬೆಳವಣಿಗೆಯನ್ನೇ ತಡೆಯುತ್ತಿದ್ದರು. ಆ ಸಹನೆಗೆ ನನ್ನ ಗೌರವವಿದೆ. 2012ರಲ್ಲಿ ಬಂದ ಚಿಪ್‌ಗಳಲ್ಲಿ ದೊಡ್ಡದಾದ ತಾಯಿಕೋಶ ರಬ್ಬರಿನ ಪುಟ್ಟ ದಿಂಬಿನ ಕೆಳಗೆ ಸಿಕ್ಕಿಕೊಂಡಿರುತ್ತದೆ, ಚಿಕ್ಕದಾದ ಮರಿಕೋಶ ಹರಿವಿನಲ್ಲಿ ತಾನೇ ಹೊರಟುಹೋಗುತ್ತದೆ. ಇದರಿಂದ ಬರೀ ಎಣಿಕೆಯಷ್ಟೇ ಅಲ್ಲ, ಮುಪ್ಪಾಗುವಾಗ ಕೋಶದ ಒಳಗೆ ನಡೆಯುವ ಬದಲಾವಣೆಗಳನ್ನೂ ಹಗಲಿರುಳು ನೋಡುವುದು ಸಾಧ್ಯವಾಯಿತು.

ಪ್ರಶ್ನೆ: ನಮ್ಮಲ್ಲಿ ಮೂತ್ರದ ಕಲ್ಚರ್ ಮತ್ತು ಆಂಟಿಬಯೋಟಿಕ್ ಸೆನ್ಸಿಟಿವಿಟಿ (ರೋಗಾಣು ಯಾವ ಔಷಧಕ್ಕೆ ಬಗ್ಗುತ್ತದೆ ಎಂಬ) ವರದಿ ಕೊಡಲು ಎರಡು ಮೂರು ದಿನ ಹಿಡಿಯುತ್ತದೆ. ಈ ಚಿಪ್‌ಗಳಿಂದ ರೋಗಿಗಳಿಗೆ ಏನಾದರೂ ಉಪಯೋಗವಿದೆಯೇ? — ಪ್ರಯೋಗಾಲಯ ತಂತ್ರಜ್ಞರು, ಕಲಬುರಗಿ

ಇದೆ, ಮತ್ತು ಈ ಕ್ಷೇತ್ರದ ಅತ್ಯಂತ ಮಹತ್ವದ ಭಾಗ ಇದೇ ಎಂಬುದು ನನ್ನ ಅಭಿಪ್ರಾಯ.

ಕಲ್ಚರ್ ತಟ್ಟೆಯಲ್ಲಿ ಬೆಳವಣಿಗೆ ಕಣ್ಣಿಗೆ ಕಾಣಬೇಕೆಂದರೆ ಒಂದು ಕೋಶ ಹತ್ತಾರು ಲಕ್ಷ ಕೋಶಗಳಾಗುವವರೆಗೆ ಕಾಯಲೇಬೇಕು. ಆದರೆ ಔಷಧದ ಪರಿಣಾಮ ಪ್ರತಿಯೊಂದು ಕೋಶದ ಬೆಳವಣಿಗೆಯ ವೇಗದಲ್ಲಿ ಕೆಲವೇ ನಿಮಿಷಗಳಲ್ಲಿ ಪ್ರಕಟವಾಗುತ್ತದೆ. ಸ್ವೀಡನ್‌ನ ಉಪ್ಸಾಲಾದಲ್ಲಿ ಯೋಹಾನ್ ಎಲ್ಫ್ ಅವರ ತಂಡ, ಬ್ಯಾಕ್ಟೀರಿಯಾಗಳನ್ನು ಕಿರಿದಾದ ಓಣಿಗಳಲ್ಲಿ ಹಿಡಿದು, ಅರ್ಧಕ್ಕೆ ಔಷಧವಿರುವ ದ್ರವ, ಇನ್ನರ್ಧಕ್ಕೆ ಔಷಧವಿಲ್ಲದ ದ್ರವ ಹರಿಸಿ, ಎರಡೂ ಕಡೆಯ ಬೆಳವಣಿಗೆಯನ್ನು ಹೋಲಿಸುವ ಮೂಲಕ ಮೂವತ್ತು ನಿಮಿಷದೊಳಗೆ ಉತ್ತರ ಪಡೆಯಬಹುದೆಂದು 2017ರಲ್ಲಿ ತೋರಿಸಿತು. ಇದೇ ತತ್ತ್ವದ ಮೇಲೆ ರೂಪುಗೊಂಡ, ಮೂತ್ರನಾಳದ ಸೋಂಕಿನ ಮಾದರಿಯನ್ನು ಸುಮಾರು 45 ನಿಮಿಷಗಳಲ್ಲಿ ಪರೀಕ್ಷಿಸುವ ಸಾಧನಕ್ಕೆ 2024ರಲ್ಲಿ ಬ್ರಿಟನ್ನಿನ 80 ಲಕ್ಷ ಪೌಂಡ್‌ಗಳ ಲಾಂಗಿಟ್ಯೂಡ್ ಪ್ರಶಸ್ತಿ ದೊರೆಯಿತು. ಇದರಿಂದ ನಿಮ್ಮ ಕಲ್ಚರ್ ತಟ್ಟೆಗಳು ಅನಗತ್ಯವಾದವೆಂದು ಭಾವಿಸಬಾರದು. ರೋಗಾಣುವನ್ನು ಬೇರ್ಪಡಿಸಿ ಇಟ್ಟುಕೊಳ್ಳುವುದಕ್ಕೂ, ಮಿಶ್ರ ಸೋಂಕನ್ನು ಬಿಡಿಸಿ ನೋಡುವುದಕ್ಕೂ, ಹೆಚ್ಚಿನ ಔಷಧಗಳ ಪರೀಕ್ಷೆಗೂ ಅವು ಬೇಕೇ ಬೇಕು.

ಇನ್ನೊಂದು ಸಂಗತಿ ನಿಮ್ಮ ವೃತ್ತಿಗೆ ನೇರವಾಗಿ ಸಂಬಂಧಿಸಿದ್ದು. ವರದಿಯಲ್ಲಿ ಔಷಧಕ್ಕೆ ಬಗ್ಗುವುದೆಂದು ಬಂದ ಸೋಂಕು ಕೆಲವೊಮ್ಮೆ ಚಿಕಿತ್ಸೆಯ ನಂತರ ಮರುಕಳಿಸುವುದನ್ನು ನೀವು ಕಂಡಿರಬಹುದು. ಅದಕ್ಕೆ ಹಲವು ಕಾರಣಗಳಿವೆ. ಅವುಗಳಲ್ಲಿ ಒಂದು, ಔಷಧ ನಿರೋಧಕ ಜೀನ್ ಇಲ್ಲದಿದ್ದರೂ ಔಷಧದ ನಡುವೆ ಬದುಕುಳಿಯುವ ವಿರಳ ಕೋಶಗಳು. ಇವನ್ನು ಪರ್ಸಿಸ್ಟರ್ ಕೋಶಗಳೆನ್ನುತ್ತಾರೆ. ನಥಾಲಿ ಬಲಾಬನ್ ಮತ್ತು ಸಂಗಡಿಗರು 2004ರಲ್ಲಿ ಈ. ಕೋಲೈ ಕೋಶಗಳನ್ನು ರಬ್ಬರಿನ ಕಾಲುವೆಗಳಲ್ಲಿ ಬೆಳೆಸಿ, ಆಂಪಿಸಿಲಿನ್ ಎಂಬ ಆಂಟಿಬಯೋಟಿಕ್ ಕೊಡುವುದಕ್ಕೆ ಮೊದಲಿನಿಂದಲೂ ಚಿತ್ರ ತೆಗೆಯುತ್ತ ಬಂದರು. ಔಷಧಕ್ಕೆ ಉಳಿದ ಕೋಶಗಳು ಯಾವುವೆಂದು ತಿಳಿದ ಮೇಲೆ ಹಿಂದಿನ ಚಿತ್ರಗಳನ್ನು ತಿರುಗಿ ನೋಡಿದಾಗ, ಔಷಧ ಬರುವ ಮುನ್ನವೇ ಅವುಗಳ ಬೆಳವಣಿಗೆ ನಿಂತಿತ್ತು ಇಲ್ಲವೇ ಬಹಳ ನಿಧಾನವಾಗಿತ್ತು ಎಂಬುದು ಕಂಡುಬಂತು. ಬದುಕುಳಿಯುವವು ಯಾವುವೆಂದು ಮೊದಲೇ ಗೊತ್ತಾಗುವ ಹಾಗಿರಲಿಲ್ಲವಾದ್ದರಿಂದ, ಎಲ್ಲ ಕೋಶಗಳ ಹಿಂದಿನ ಚರಿತ್ರೆಯೂ ದಾಖಲಾಗಿರದಿದ್ದರೆ ಈ ಮಾತು ಹೇಳಲು ಬರುತ್ತಿರಲಿಲ್ಲ.

ಆದರೆ ಆ ತೀರ್ಮಾನವನ್ನು ಎಲ್ಲ ಬ್ಯಾಕ್ಟೀರಿಯಾಗಳಿಗೂ ವಿಸ್ತರಿಸಲಾಗದು. ಕ್ಷಯದ ರೋಗಾಣುವಿನ ನಿರಪಾಯಕಾರಿ ಸಂಬಂಧಿಯಾದ ಮೈಕೋಬ್ಯಾಕ್ಟೀರಿಯಂ ಸ್ಮೆಗ್ಮಾಟಿಸ್ ಮೇಲೆ ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ಜಾನ್ ಮ್ಯಾಕಿನಿ ಅವರ ತಂಡ ನಡೆಸಿ 2013ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಐಸೋನಿಯಾಜಿಡ್ ಎಂಬ ಕ್ಷಯದ ಔಷಧದ ನಡುವೆ ಉಳಿದ ಕೋಶಗಳು ನಿದ್ರಿಸುತ್ತಿರಲಿಲ್ಲ. ಕೆಲವು ಸಾಯುತ್ತಿದ್ದವು, ಕೆಲವು ವಿಭಜಿಸುತ್ತಿದ್ದವು, ಒಟ್ಟು ಸಂಖ್ಯೆ ಮಾತ್ರ ಸ್ಥಿರವಾಗಿ ತೋರುತ್ತಿತ್ತು. ಐಸೋನಿಯಾಜಿಡ್ ಕೆಲಸ ಮಾಡಬೇಕೆಂದರೆ ಬ್ಯಾಕ್ಟೀರಿಯಾದ್ದೇ ಆದ ಕ್ಯಾಟ್‌ಜಿ ಎಂಬ ಕಿಣ್ವ ಅದನ್ನು ಸಕ್ರಿಯಗೊಳಿಸಬೇಕು; ಆ ಕಿಣ್ವ ಪ್ರತಿ ಕೋಶದಲ್ಲೂ ಬಿಟ್ಟು ಬಿಟ್ಟು, ಅನಿಯತವಾಗಿ ಉತ್ಪತ್ತಿಯಾಗುತ್ತಿತ್ತು ಮತ್ತು ಅದು ವಿರಳವಾಗಿ ಉತ್ಪತ್ತಿಯಾದ ಕೋಶಗಳು ಬದುಕಿಕೊಂಡವು. ತಟ್ಟೆಯ ಮೇಲಿನ ಎಣಿಕೆಯಲ್ಲಿ ಸ್ಥಿರವಾದ ಒಂದು ಸಂಖ್ಯೆಯಾಗಿ ಕಾಣುವುದರ ಹಿಂದೆ ಎಷ್ಟು ಹುಟ್ಟು, ಎಷ್ಟು ಸಾವು ಅಡಗಿರಬಹುದೆಂಬುದನ್ನು ಇಷ್ಟು ಸ್ಪಷ್ಟವಾಗಿ ತೋರಿಸಿದ ಇನ್ನೊಂದು ಪ್ರಯೋಗ ನನಗೆ ಸುಲಭವಾಗಿ ನೆನಪಾಗುವುದಿಲ್ಲ.

ಪ್ರಶ್ನೆ: ಇಂತಹ ಚಿಪ್‌ಗಳನ್ನು ನಮ್ಮ ಭಾಗದ ಕಾಲೇಜುಗಳಲ್ಲಿ ತಯಾರಿಸಬಹುದೇ? ಇಲ್ಲಿನ ಬೇಸಿಗೆ ಅಡ್ಡಿಯಾಗದೇ? — ಎಂಜಿನಿಯರಿಂಗ್ ಉಪನ್ಯಾಸಕರು, ಕಲಬುರಗಿ

ಕೆಲಸವನ್ನು ಎರಡಾಗಿ ವಿಂಗಡಿಸಿ ನೋಡಿ. ಮೊದಲನೆಯದು ಅಚ್ಚು. ಸಿಲಿಕಾನ್ ಬಿಲ್ಲೆಯ ಮೇಲೆ ಎಸ್‌ಯು-8 ಎಂಬ ಬೆಳಕಿಗೆ ಗಟ್ಟಿಯಾಗುವ ರಾಳವನ್ನು ಸವರಿ, ನಕ್ಷೆಯ ಮೂಲಕ ಅತಿನೇರಳೆ ಬೆಳಕು ಹಾಯಿಸಿ ಕಾಲುವೆಗಳ ಉಬ್ಬುರೂಪವನ್ನು ಪಡೆಯುವ ಈ ಹಂತಕ್ಕೆ ಧೂಳಿಲ್ಲದ ಕ್ಲೀನ್‌ರೂಮ್ ಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೋ ವಿಜ್ಞಾನ ಮತ್ತು ಎಂಜಿನಿಯರಿಂಗ್ ಕೇಂದ್ರದಲ್ಲಿ ಹೊರಗಿನ ಸಂಶೋಧಕರಿಗೂ ಇಂತಹ ಸೌಲಭ್ಯ ಒದಗಿಸುವ ಕಾರ್ಯಕ್ರಮವಿದೆ; ಅರ್ಜಿ ಹಾಕುವುದು ಸೂಕ್ತ. ಎರಡನೆಯದು ಆ ಅಚ್ಚಿನಿಂದ ಚಿಪ್ ಎರೆಯುವುದು. ಪಿಡಿಎಂಎಸ್ ಎಂಬ ಸಿಲಿಕೋನ್ ದ್ರವಕ್ಕೆ ಗಟ್ಟಿಗೊಳಿಸುವ ದ್ರಾವಣವನ್ನು ತೂಕದಲ್ಲಿ 10ಕ್ಕೆ 1ರಂತೆ ಬೆರೆಸಿ, ನಿರ್ವಾತದಲ್ಲಿ ಗುಳ್ಳೆ ತೆಗೆದು, ಅಚ್ಚಿನ ಮೇಲೆ ಸುರಿದು, 65ರಿಂದ 80 ಡಿಗ್ರಿ ಸೆಲ್ಸಿಯಸ್ ಒಲೆಯಲ್ಲಿ ಒಂದೆರಡು ಗಂಟೆ ಇಟ್ಟರೆ ಅದು ಮೃದುವಾದ ಪಾರದರ್ಶಕ ರಬ್ಬರಾಗುತ್ತದೆ. ಅದನ್ನು ಸುಲಿದು, ದ್ರವದ ದಾರಿಗೆ ರಂಧ್ರ ಕೊರೆದು, ಆಮ್ಲಜನಕದ ಪ್ಲಾಸ್ಮಾಕ್ಕೆ ಒಡ್ಡಿ 0.17 ಮಿಲಿಮೀಟರ್ ದಪ್ಪದ ಕವರ್ ಗ್ಲಾಸಿಗೆ ಒತ್ತಿದರೆ ಶಾಶ್ವತವಾಗಿ ಅಂಟಿಕೊಳ್ಳುತ್ತದೆ. ಹಾರ್ವರ್ಡ್‌ನ ಜಾರ್ಜ್ ವೈಟ್‌ಸೈಡ್ಸ್ ಅವರ ಗುಂಪು 1990ರ ದಶಕದಲ್ಲಿ ಬೆಳೆಸಿದ ಈ ಕ್ರಮದಲ್ಲಿ ಒಂದೇ ಅಚ್ಚಿನಿಂದ ಅನೇಕ ಚಿಪ್‌ಗಳನ್ನು ಎರೆಯಬಹುದು, ಹಾಗಾಗಿ ಎರಡನೆಯ ಹಂತ ಕಲಬುರಗಿಯ ಯಾವ ಸುಸಜ್ಜಿತ ವಿಭಾಗದಲ್ಲಾದರೂ ನಡೆಯಬಲ್ಲದು. ಆರಂಭಕ್ಕೆ ಯೀಸ್ಟ್‌ಗೆ ಹೊಂದುವ, ಐದು ಮೈಕ್ರೊಮೀಟರಿಗಿಂತ ದೊಡ್ಡ ರಚನೆಗಳನ್ನು ಆರಿಸಿಕೊಳ್ಳಿ. ಒಂದು ಮೈಕ್ರೊಮೀಟರಿನ ಓಣಿಗಳ ಅಚ್ಚು ಬಹಳ ಕಷ್ಟದ್ದು.

ಬೇಸಿಗೆಯ ವಿಷಯ ನಿಜವಾಗಿಯೂ ವಿಚಾರಮಾಡತಕ್ಕದ್ದು. ಯೀಸ್ಟ್‌ಗೆ 30 ಡಿಗ್ರಿ ಹಿತ, ಈ. ಕೋಲೈಗೆ 37, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ನಮ್ಮ ಊರುಗಳಲ್ಲಿ ಚಿಪ್ ಅನ್ನು ಬಿಸಿಮಾಡುವುದಕ್ಕಿಂತ ತಂಪಾಗಿ ಇಡುವುದೇ ದೊಡ್ಡ ಕೆಲಸ. ಹವಾನಿಯಂತ್ರಕ ನಿಂತು ಹೊರಡುವಾಗಲೆಲ್ಲ ಸೂಕ್ಷ್ಮದರ್ಶಕದ ಲೋಹ ಹಿಗ್ಗಿ ಕುಗ್ಗಿ, ಒಂದು ಮೈಕ್ರೊಮೀಟರಿಗಿಂತ ಕಡಿಮೆ ಆಳದ ಫೋಕಸ್ ತಪ್ಪುತ್ತದೆ. ಫ್ರಿಜ್‌ನಿಂದ ತೆಗೆದ ಪೋಷಕ ದ್ರವ ಚಿಪ್‌ನೊಳಗೆ ಬಿಸಿಯಾದಾಗ ಅದರಲ್ಲಿ ಕರಗಿದ್ದ ಗಾಳಿ ಗುಳ್ಳೆಯಾಗಿ ಹೊರಬಂದು ಕಾಲುವೆಯನ್ನೇ ಮುಚ್ಚಬಹುದು. ಆದ್ದರಿಂದ ದ್ರವವನ್ನು ಮೊದಲೇ ಕೋಣೆಯ ಉಷ್ಣತೆಗೆ ತಂದು, ನಿರ್ವಾತದಲ್ಲಿ ಗಾಳಿ ತೆಗೆದು, 0.2 ಮೈಕ್ರೊಮೀಟರ್ ಸೋಸುಕದಲ್ಲಿ ಸೋಸಿ ಬಳಸಿ. ಪಿಡಿಎಂಎಸ್ ಮೂಲಕ ಆಮ್ಲಜನಕ ಒಳಬರುವುದು ಕೋಶಗಳಿಗೆ ಒಳ್ಳೆಯದೇ, ಆದರೆ ಅದೇ ದಾರಿಯಲ್ಲಿ ನೀರಿನ ಆವಿ ಹೊರಹೋಗುತ್ತದೆ. ಔಷಧಗಳ ಮೇಲೆ ಕೆಲಸ ಮಾಡುವವರು ಇನ್ನೂ ಒಂದು ಮಾತನ್ನು ಗಮನಿಸಬೇಕು: ನೀರಿಗೆ ಒಗ್ಗದ ಚಿಕ್ಕ ಅಣುಗಳನ್ನು ಈ ರಬ್ಬರು ಹೀರಿಕೊಳ್ಳುತ್ತದೆ, ಹೀಗಾಗಿ ನೀವು ಕುಪ್ಪಿಯಲ್ಲಿ ಹಾಕಿದ ಪ್ರಮಾಣವೇ ಕೋಶಕ್ಕೆ ತಲುಪಿತೆಂದು ಹೇಳಲಾಗದು.

ಪ್ರಶ್ನೆ: ಗಂಟೆಗಟ್ಟಲೆ ಬೆಳಕು ಬಿಟ್ಟರೆ ಕೋಶಕ್ಕೆ ಹಾನಿಯಾಗದೇ? — ಓದುಗರು, ಬಸವಕಲ್ಯಾಣ

ಆಗುತ್ತದೆ, ಅದರಲ್ಲೂ ನೀಲಿ ಮತ್ತು ಅತಿನೇರಳೆ ಬೆಳಕಿನಿಂದ. ಆದ್ದರಿಂದ ಚಿತ್ರ ತೆಗೆಯುವ ಕ್ಷಣದಲ್ಲಿ ಮಾತ್ರ ಬೆಳಕು ಹೊತ್ತಿಸುತ್ತಾರೆ. ಅದೇ ಚಿಪ್‌ನಲ್ಲಿ ಬೆಳಕು ಬೀಳದ ಭಾಗದ ಕೋಶಗಳನ್ನು ಕೊನೆಗೊಮ್ಮೆ ನೋಡಿ, ಎರಡೂ ಕಡೆ ಬೆಳವಣಿಗೆ ಒಂದೇ ತೆರನಾಗಿದೆಯೇ ಎಂದು ಪರೀಕ್ಷಿಸದ ಫಲಿತಾಂಶವನ್ನು ಒಪ್ಪಬಾರದು.

ಪ್ರಶ್ನೆ: ನಮ್ಮ ಶಾಲೆಯಲ್ಲಿ ಒಂದೇ ಸೂಕ್ಷ್ಮದರ್ಶಕವಿದೆ. ಮಕ್ಕಳಿಗೆ ಇದರ ಒಂದಂಶವನ್ನಾದರೂ ತೋರಿಸಬಹುದೇ? — ಪ್ರೌಢಶಾಲಾ ವಿಜ್ಞಾನ ಶಿಕ್ಷಕಿ, ಸುರಪುರ

ಖಂಡಿತ ತೋರಿಸಬಹುದು. ಸ್ಲೈಡಿನ ಮೇಲೆ ಎರಡು ಬದಿಗೂ ಅಂಟಿರುವ ಟೇಪಿನ ಎರಡು ಪಟ್ಟಿಗಳನ್ನು ಸಮಾನಾಂತರವಾಗಿ ಅಂಟಿಸಿ ಮೇಲೆ ಕವರ್ ಗ್ಲಾಸ್ ಒತ್ತಿದರೆ, ಎರಡೂ ತುದಿ ತೆರೆದಿರುವ ತೆಳುವಾದ ಕಾಲುವೆ ಸಿದ್ಧವಾಗುತ್ತದೆ. ಕೆರೆಯ ನೀರಿಗೆ ಒಣಹುಲ್ಲು ಅಥವಾ ಜೋಳದ ಕಣಿಕೆಯ ಚೂರು ಹಾಕಿ ಕೆಲವು ದಿನ ಬಿಟ್ಟರೆ ಪ್ಯಾರಾಮೀಸಿಯಂ ಸಾಮಾನ್ಯವಾಗಿ ಸಿಗುತ್ತದೆ. ಕವರ್ ಗ್ಲಾಸ್ ಒತ್ತುವ ಮುನ್ನ ಹತ್ತಿಯ ಕೆಲವು ಎಳೆಗಳನ್ನು ಹರಡಿದರೆ ಜೀವಿಗಳು ಎಳೆಗಳ ನಡುವೆ ತಂಗುತ್ತವೆ. ಒಳನುಗ್ಗಿದ ಹೆಚ್ಚಿನ ನೀರನ್ನು ಹೊರಹಾಕಲು ದೇಹದೊಳಗೆ ಹಿಗ್ಗಿ ಕುಗ್ಗುವ ಸಂಕೋಚಕ ರಸದಾನಿಯನ್ನು ಗುರುತಿಸಿ, ಒಂದು ಕುಗ್ಗುವಿಕೆಯಿಂದ ಇನ್ನೊಂದರವರೆಗಿನ ಕಾಲವನ್ನು ಮಕ್ಕಳು ಗಡಿಯಾರ ನೋಡಿ ಬರೆದುಕೊಳ್ಳಲಿ. ಆಮೇಲೆ ಒಂದು ತುದಿಯಲ್ಲಿ ತೀರಾ ತೆಳುವಾದ ಉಪ್ಪುನೀರಿನ ಹನಿಯಿಟ್ಟು, ಇನ್ನೊಂದು ತುದಿಗೆ ಸೋಸು ಕಾಗದ ತಾಗಿಸಿ. ಕಾಗದ ಹೀರಿದಂತೆ ಉಪ್ಪುನೀರು ಒಳಗೆ ಸಾಗುತ್ತದೆ. ಹೊರಗೆ ಉಪ್ಪು ಹೆಚ್ಚಿದಾಗ ಕೋಶದೊಳಕ್ಕೆ ನುಗ್ಗುವ ನೀರು ಕಡಿಮೆಯಾಗಿ ರಸದಾನಿಯ ಮಿಡಿತ ನಿಧಾನವಾಗುತ್ತದೆ. ಮತ್ತೆ ಸಿಹಿನೀರು ಹರಿಸಿ ಅದೇ ಜೀವಿಯ ಮಿಡಿತ ಮೊದಲಿನ ವೇಗಕ್ಕೆ ಬರುವುದೇ ಎಂದು ನೋಡುವುದನ್ನು ಮಾತ್ರ ಬಿಡಬೇಡಿ, ಏಕೆಂದರೆ ಜೀವಿಯನ್ನು ಬದಲಿಸದೆ ಅದರ ಪರಿಸರವನ್ನು ಬದಲಿಸಿ ನೋಡುವುದೇ ಈ ಇಡೀ ವಿಧಾನದ ತಿರುಳು.

ಸಮಯವಿದ್ದರೆ ಅಂಗಡಿಯ ಬ್ರೆಡ್ ಯೀಸ್ಟನ್ನು ಉಗುರುಬೆಚ್ಚಗಿನ ಸಕ್ಕರೆ ನೀರಿನಲ್ಲಿ ಒಂದೆರಡು ಗಂಟೆ ಇಟ್ಟು, ಚೆನ್ನಾಗಿ ತೆಳುಮಾಡಿ, ಇದೇ ಕಾಲುವೆಗೆ ಬಿಡಿ. ಎರಡೂ ತುದಿಗಳಿಗೆ ವ್ಯಾಸಲೀನ್ ಸವರಿ ಮುಚ್ಚಿದರೆ ನೀರು ಬೇಗ ಆರದು. 400 ಪಟ್ಟು ಹಿಗ್ಗಿಸುವ ಮಸೂರದಲ್ಲಿ ಮೊಗ್ಗಿರುವ ಒಂದು ಕೋಶವನ್ನು ಆರಿಸಿ, ಮೊಬೈಲಿನ ಕ್ಯಾಮೆರಾವನ್ನು ಕಣ್ಣುಮಸೂರಕ್ಕೆ ಹಿಡಿದು ಹತ್ತು ನಿಮಿಷಕ್ಕೊಮ್ಮೆ ಚಿತ್ರ ತೆಗೆಯಬಹುದು. ಒಳ್ಳೆಯ ಪೋಷಕ ದ್ರವದಲ್ಲಿ 30 ಡಿಗ್ರಿಯಲ್ಲಿ ಮೊಗ್ಗೊಡೆದು ವಿಭಜಿಸುವ ಒಂದು ಸುತ್ತು ಮುಗಿಯಲು ಸುಮಾರು 90 ನಿಮಿಷ ಬೇಕು. ಬರೀ ಸಕ್ಕರೆ ನೀರಿನಲ್ಲಿ ಇನ್ನೂ ನಿಧಾನವಾದೀತು. ಸ್ಲೈಡನ್ನು ವೇದಿಕೆಯಿಂದ ತೆಗೆಯದೆ, ದೀಪವನ್ನು ಚಿತ್ರಕ್ಕೆ ಮಾತ್ರ ಹೊತ್ತಿಸಿ ಆರಿಸಿರಿ. ಕೊನೆಯಲ್ಲಿ ಬೇರೊಂದು ಸ್ಲೈಡಿನಲ್ಲಿ ಅದೇ ಯೀಸ್ಟಿಗೆ ತೆಳುವಾದ ಮೆಥಿಲೀನ್ ಬ್ಲೂ ಬೆರೆಸಿ ನೋಡಿದರೆ ಸತ್ತ ಕೋಶಗಳು ನೀಲಿಯಾಗಿಯೂ ಬದುಕಿರುವವು ಬಣ್ಣವಿಲ್ಲದೆಯೂ ಕಾಣುತ್ತವೆ, ಮತ್ತು ಎಷ್ಟರಲ್ಲಿ ಎಷ್ಟು ಬದುಕಿದ್ದವು ಎಂಬ ಎಣಿಕೆಯನ್ನು ಮಕ್ಕಳೇ ಮಾಡಬಹುದು.